ಕಚ್ಚಾ ಹೊಲಿದ ತೋಳು

ನಮ್ಮವ್ವ ದೇವದುರ್ಗದಲ್ಲಿ ಮಷಿನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ನನಗೆ ಕಲಿಸಿದವಳೂ ಅವಳೇ. ಕುಪ್ಪಸಕ್ಕೆ ತೋಳು ಜೋಡಿಸುವಾಗ ಮೊದಲು ಉದ್ದುದ್ದ ಹೊಲಿಗೆ ಹಾಕಿ ಕಚ್ಚಾ ಹೊಲಿಯಬೇಕು, ಮೈಗೆ ಹಾಕಿ ನೋಡಬೇಕು, ಸರಿ ಕೂತರೆ ಸಣ್ಣ ಹೊಲಿಗೆ, ಅದೂ ಎರಡು ಸಲ. "ತೋಳು ಬಿಚ್ಚಿತಂದ್ರ ನನ್ನ ಹೆಸರು ಕೆಡ್ತದ ನೋಡವ್ವಾ" ಎನ್ನುತ್ತಿದ್ದಳು.

ಆ ಗಟ್ಟಿ ಹೊಲಿಗೆಯೇ ನನ್ನ ಭುಜ ಕೀಳಿಸಿತು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನನ್ನನ್ನು ಮಾನ್ವಿಗೆ ಕೊಟ್ಟರು. ಗಂಡ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವವನು. ಓಣಿಯ ಹೆಂಗಸರು ಬಟ್ಟೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರೆ ಅವನಿಗೆ ಹೊಟ್ಟೆ ಉರಿ. ಒಮ್ಮೆ ಕುಪ್ಪಸದ ಬಲತೋಳು ಹಿಡಿದು ನನ್ನನ್ನು ಗೋಡೆಗೆ ಬೀಸಿದ. ಬಟ್ಟೆ ಹರಿಯಲಿಲ್ಲ, ಹೊಲಿಗೆ ಬಿಡಲಿಲ್ಲ, ನನ್ನ ಕೀಲು ಬಿಟ್ಟಿತು. ರಾಯಚೂರಿನ ದವಾಖಾನೆಯಲ್ಲಿ ಅದನ್ನು ಕೂರಿಸಿದರು. ಅವ್ವ ಬಂದು ನೋಡಿ, "ಗಂಡಸರ ಸಿಟ್ಟು, ಸ್ವಲ್ಪ ತಾಳ್ಕೋ ಯವ್ವಾ" ಅಂದಳು. ಅವತ್ತು ಅವನಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಉರಿಯಿತು.

ಗಿರಣಿಯ ಚೀಲಕ್ಕೆ ಹಾಕುವುದು ಸರಪಳಿ ಹೊಲಿಗೆ. ತುದಿಯ ದಾರ ಹಿಡಿದು ಎಳೆದರೆ ಸರ್ರನೆ ಬಾಯಿ ಬಿಚ್ಚಿಕೊಳ್ಳುತ್ತದೆ. ಮನೆಗೆ ತಂದ ಅಕ್ಕಿ ಚೀಲವನ್ನು ಅವನು ಹಾಗೆ ಬಿಚ್ಚುವಾಗಲೇ ನನಗೆ ಹೊಳೆದದ್ದು. ನನ್ನ ಮಷಿನ್ನಿನಲ್ಲಿ ಆ ಹೊಲಿಗೆ ಬರದು. ಬರದಿದ್ದರೆ ಹೋಗಲಿ, ಕಚ್ಚಾ ಇದೆಯಲ್ಲ! ಅವನು ಗಿರಣಿಗೆ ಹೋದ ಮೇಲೆ ನನ್ನ ಎಲ್ಲ ಕುಪ್ಪಸಗಳ ಬಲತೋಳು ಬಿಚ್ಚಿ, ದಾರ ಸಡಿಲ ಮಾಡಿ, ಒಂದೇ ಸಲ ಉದ್ದುದ್ದ ಕಚ್ಚಾ ಹೊಲಿದೆ. ನೀರು ಸೇದುವಾಗ, ರೊಟ್ಟಿ ಬಡಿಯುವಾಗ ಎಷ್ಟೋ ಸಲ ಬಿಚ್ಚಿಹೋಗಿ ಮತ್ತೆ ಹೊಲಿದುಕೊಂಡಿದ್ದೇನೆ.

ಒಂದು ಮಧ್ಯಾಹ್ನ ಅವನು ಬಂದಾಗ ಪಕ್ಕದ ಮನೆಯವಳ ಬಟ್ಟೆ ಸೂಜಿಯ ಕೆಳಗಿತ್ತು.

"ಈ ಕೈ ಅದಂತ ಸೊಕ್ಕೇನ ನಿನಗ? ಬಾ, ಕೈನ ಹೊಲ್ದಬಿಡ್ತೀನಿ!"

ಕೂದಲು ಹಿಡಿದು ಹಣೆಯನ್ನು ಮಷಿನ್ನಿನ ಕಬ್ಬಿಣಕ್ಕೆ ಎರಡು ಸಲ ಬಡಿದ. ರಕ್ತ ಕಣ್ಣಿಗಿಳಿಯಿತು. ಕೂದಲು ಬಿಟ್ಟು ಬಲತೋಳು ಹಿಡಿದು ನನ್ನ ಕೈಯನ್ನು ಸೂಜಿಯತ್ತ ಜಗ್ಗಿದ. ನಾನು ಮೈಯೆಲ್ಲ ಹಿಂದಕ್ಕೆ ಒಗೆದೆ. ಟರ್ರನೆ ತೋಳು ಕಿತ್ತು ಅವನ ಮುಷ್ಟಿಯಲ್ಲೇ ಉಳಿಯಿತು, ಅವನು ಮಷಿನ್ ಸಮೇತ ಉರುಳಿಬಿದ್ದ. "ನಿನ್ನ ಹೆಣಾ ಎತ್ಲಿ!" ಎಂದು ಕಿರುಚಿ, ಸೆರಗು ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ದೇವದುರ್ಗದಲ್ಲಿ ಅವ್ವ ಹಣೆ ತೊಳೆದಳು. ಆಮೇಲೆ ಕಂಕುಳಲ್ಲಿ ಜೋತಾಡುತ್ತಿದ್ದ ದಾರ ಹಿಡಿದು ನೋಡಿದಳು. ತಾನು ಕಲಿಸಿದ ಕೈ ಇಂಥ ಹೊಲಿಗೆ ತಪ್ಪಿ ಹಾಕುವುದಿಲ್ಲವೆಂದು ಅವಳಿಗೆ ಗೊತ್ತು.

"ಬೇಕಂತ ಹೊಲ್ದೀ?"

"ಹೂಂ."

"ಎಷ್ಟು ಜಂಪರ್?"

"ಎಲ್ಲಾ. ಒಂದು ವರ್ಷಾತು."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ, ಕೈಗೆ ಸಿಕ್ಕ ಬೇರೆ ಬಣ್ಣದ ಬಟ್ಟೆಯಲ್ಲೇ ತೋಳು ಕತ್ತರಿಸಿದಳು. ಕಚ್ಚಾ ಹಾಕಲಿಲ್ಲ, ಅಳತೆ ನೋಡಲಿಲ್ಲ, ಸಣ್ಣ ಹೊಲಿಗೆಯನ್ನು ಮೂರು ಸಲ ಓಡಿಸಿದಳು.

ನಾಲ್ಕು ದಿನಕ್ಕೆ ಅವನು ಕರೆಯಲು ಬಂದ. ಅವ್ವ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದೇ ಬಾಗಿಲಿಗೆ ಎದ್ದುಹೋದಳು.

"ಬರ್ರಿ ಅಳಿಯರ, ಈ ತೋಳು ನಾ ಹೊಲ್ದೀನಿ. ಈಗ ಹಿಡೀರಿ ನೋಡೋಣು."

ಅವನು ಹೊಸ್ತಿಲು ದಾಟಲಿಲ್ಲ.