ಮಂದಿ ಬರುತ್ತದಂತೆ

ಬೆಳಗಿನ ಮರಾಠಿ ಪೇಪರಿನಲ್ಲಿ ಅಂಗೈಯಗಲದ ಅಕ್ಷರಗಳು: ‘ಮಂದಿ ಯೇಣಾರ’. ಮಂದಿ ಬರುತ್ತದಂತೆ. ಧಾರವಾಡದ ಕಡೆಯವರಾದ ನೀವು ಇದನ್ನು ಕೇಳಿದ್ದರೆ ಚಹಾಕ್ಕೆ ಇನ್ನಷ್ಟು ನೀರು ಸುರಿಯಿರಿ ಎಂದು ಒಳಗೆ ಕೂಗಿ ಹೇಳುತ್ತಿದ್ದಿರಿ. ನಮ್ಮ ಮಿರಜದಲ್ಲಿ ಅದು ಅಷ್ಟು ಸಲೀಸಲ್ಲ. ಕನ್ನಡದಲ್ಲಿ ಮಂದಿ ಎಂದರೆ ಜನ. ಮರಾಠಿಯಲ್ಲಿ ಮಂದಿ ಎಂದರೆ ವ್ಯಾಪಾರ ಕುಸಿದು, ಅಂಗಡಿಯವರು ನೊಣ ಹೊಡೆಯುತ್ತ ಕೂರುವ ಕಾಲ. ಎರಡೂ ಭಾಷೆಗಳು ಒಂದೇ ಬಾಯಲ್ಲಿ ಸಂಸಾರ ಹೂಡಿರುವ ಊರಿದು.

ಈ ಶಬ್ದ ಕಂಡಾಗಲೆಲ್ಲ ನನಗೆ ಚಂಪವ್ವ ಕಾಕು ನೆನಪಾಗುತ್ತಾಳೆ. ನನ್ನ ಕಾಕಾ ತೀರಿಕೊಂಡ ಮೇಲೆ ಆಕೆ ಮಿರಜದ ಪಕ್ಕದ ಕುಪವಾಡದಲ್ಲಿ ಖಾನಾವಳಿ ಇಟ್ಟಿದ್ದಳು. ಕರ್ನಾಟಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಆಕೆಯ ಮರಾಠಿ ಬಸ್ಸಿನ ಟಿಕೀಟು ತೆಗೆಯುವಷ್ಟು. ಅದರಾಚೆಗೆ ದೇವರೇ ಗತಿ. ಅದು ಸಹಕಾರದ ಕಾಲ. ಹಾಲು, ಸಕ್ಕರೆ, ನೂಲು, ಸಾಲ, ಎಲ್ಲವೂ ಸಹಕಾರಿ. ಗಂಡ ಹೆಂಡತಿ ಮಾತ್ರ ಖಾಸಗಿಯಾಗಿ ಜಗಳಾಡುತ್ತಿದ್ದರು.

ಕುಪವಾಡದ ಮಗ್ಗದ ಸೊಸಾಯಟಿಗೆ ತನ್ನದೇ ಹಿತ್ತಾಳೆಯ ಬಿಲ್ಲೆಗಳಿದ್ದವು. ಕೆಲಸಗಾರರಿಗೆ ಪಗಾರದ ಒಂದು ಪಾಲು ಬಿಲ್ಲೆಯಲ್ಲೇ ಸಿಗುತ್ತಿತ್ತು. ಅದನ್ನು ಕಾಕುವಿಗೆ ಕೊಟ್ಟು ಉಣ್ಣುತ್ತಿದ್ದರು. ಕಾಕು ಅದನ್ನೇ ಸೊಸಾಯಟಿಗೆ ಕೊಟ್ಟು ಜೋಳ ತರುತ್ತಿದ್ದಳು. ಕೆಲಸ ಸಡಿಲಾದಾಗ ಒಂದು ಬಿಲ್ಲೆಗೆ ಸಿಗುವ ಜೋಳ ತುಸು ಕಡಿಮೆಯಾಗುತ್ತಿತ್ತು, ಕಾಕುವಿನ ರೊಟ್ಟಿ ತುಸು ತೆಳ್ಳಗಾಗುತ್ತಿತ್ತು. ಜನ ಬಯ್ದುಕೊಂಡೇ ಉಂಡು ಏಳುತ್ತಿದ್ದರು. ಖಾನಾವಳಿಯ ಬಾಗಿಲು ಮಾತ್ರ ಎಂದೂ ಮುಚ್ಚಿದ್ದಿಲ್ಲ.

ಇಷ್ಟು ಸುಖವಾಗಿದ್ದರೆ ದೊಡ್ಡವರಿಗೆ ನಿದ್ದೆ ಬರುವುದೆಂತು? ನಮ್ಮ ಸೊಸಾಯಟಿಯ ಚೇರಮನ್ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು: ಅರಿಶಿನ ಬೆಲ್ಲದ ಸಾಂಗ್ಲಿಯ ಶ್ರೀಮಂತ ಸೊಸಾಯಟಿಗೂ ನಮಗೂ ಒಂದೇ ಬಿಲ್ಲೆ. ಹಾರ ಬಿತ್ತು, ಪೇಢೆ ಹಂಚಿದರು. ನಮ್ಮವರು ರವಿವಾರ ಸಾಂಗ್ಲಿಗೆ ಹೋಗಿ ಸಾಬೂನು, ಸ್ಟೀಲಿನ ಡಬ್ಬಿ ತರತೊಡಗಿದರು. ಸಾಂಗ್ಲಿಯವರು ನಮ್ಮ ಸೊಸಾಯಟಿಗೆ ಕೇಳಿದಷ್ಟು ಮಾಲನ್ನು ಉದ್ರಿ ಕೊಟ್ಟರು. ಅವರಿಗೂ ಮಾಲು ಖರ್ಚಾಗಬೇಕಲ್ಲ. ಇದನ್ನು ಯಾರೂ ಸಾಲ ಎನ್ನಲಿಲ್ಲ, ಪತ್ತು ಎಂದರು. ಒಳ್ಳೆಯ ಹೆಸರಿಟ್ಟರೆ ಸಾಲವೂ ಮರ್ಯಾದಸ್ತವಾಗುತ್ತದೆ.

ಆಮೇಲೆ ಮಗ್ಗಗಳು ನಿಲ್ಲತೊಡಗಿದವು. ಬಿಲ್ಲೆಯ ಬೆಲೆ ಈಗ ಸಾಂಗ್ಲಿಯವರ ಕೈಯಲ್ಲಿ; ರೊಟ್ಟಿಯ ತೂಕಕ್ಕೂ ಅವರದೇ ನಿಯಮ. ಕಾಕು ಮೊದಲಿನಂತೆ ರೊಟ್ಟಿಯನ್ನು ತೆಳ್ಳಗೆ ಬಡಿದು ಕಾಲ ತಳ್ಳುವಂತಿರಲಿಲ್ಲ. ಒಂದು ಮಧ್ಯಾಹ್ನ ಚೇರಮನ್ ಸಾಹೇಬರು ಖಾನಾವಳಿಯ ಬಾಗಿಲಿಗೆ ಬಂದು, ಗಂಭೀರವಾಗಿ, “ಕಾಕು, ಮಂದಿ ಆಲೀ ಆಹೆ” ಎಂದರು. ಮಂದಿ ಬಂದಿದ್ದಾರೆಂದು ತಿಳಿದ ಕಾಕು, “ಛಲೋ ಆತು, ಕುಂದ್ರಸ್ರಿ ಅವ್ರನ್ನ” ಎಂದು ಇನ್ನೊಂದು ಪರಾತ ಹಿಟ್ಟು ಕಲಸಿಯೇಬಿಟ್ಟಳು. ಉಣ್ಣುತ್ತ ಕೂತಿದ್ದ ನಾನು ನಕ್ಕು ನಕ್ಕು ಕೆಮ್ಮಿದೆ. ಆಮೇಲೆ ಅರ್ಥ ಹೇಳಿದೆ. ಆಕೆ ನಗಲಿಲ್ಲ.

ಸಾಹೇಬರ ಮದ್ದು ಸಿದ್ಧವಾಗಿತ್ತು: ಸಾಂಗ್ಲಿಯ ಬಾಕಿ ತೀರುವ ತನಕ ಖಾನಾವಳಿಗೆ ಅರ್ಧ ಜೋಳ. ಉಪವಾಸ ಬಿದ್ದವನು ಊರು ಬಿಟ್ಟರೆ ಬಾಕಿ ತೀರಿಸುವವರು ಯಾರು ಎಂಬ ಪ್ರಶ್ನೆ ಅವರ ಶಾಸ್ತ್ರದಲ್ಲಿರಲಿಲ್ಲ. ಖಾನಾವಳಿ ಉಳಿಯಬೇಕೆಂದು ಕಾಕು ಇಸ್ತ್ರಿಯ ಸೀರೆ ಉಟ್ಟು ಎರಡೂ ಸೊಸಾಯಟಿಗಳ ಸಭೆಗೆ ಬಂದಳು. ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದಳು:

“ಸಾಹೇಬ್ರ, ಅರ್ಧಾ ಜ್ವಾಳಕ್ಕ ಯಾರೂ ನಿಂದ್ರಂಗಿಲ್ರಿ. ನಮಗ ಮಂದಿ ಬೇಕ್ರಿ. ಮಂದಿ ಉಳದ್ರ ನಿಮ್ಮ ಬಾಕಿನೂ ತೀರತೈತಿ.”

ಸಾಂಗ್ಲಿಯ ಸೆಕ್ರೆಟರಿಗೆ ಕನ್ನಡ ಬಾರದು. ಅವನ ಕಿವಿಗೆ ಸಿಕ್ಕಿದ್ದು ಒಂದೇ ಶಬ್ದ. ಠರಾವನ್ನು ಮರಾಠಿಯಲ್ಲಿ ಗಟ್ಟಿಯಾಗಿ ಓದಿದ: ಕುಪವಾಡದ ಮಹಿಳಾ ಸಭಾಸದರು ಮಂದಿ ಬೇಕೆಂದು ಆಗ್ರಹಿಸಿದ್ದಾರೆ, ಏಕಮತದಿಂದ ಮಂಜೂರು. ಅರೆನಿದ್ದೆಯಲ್ಲಿದ್ದ ಸಭೆ ಚಪ್ಪಾಳೆ ತಟ್ಟಿತು. ತನ್ನ ಮಾತು ನಡೆಯಿತೆಂದು ಕಾಕುವೂ ತಟ್ಟಿದಳು, ಕೈಮುಗಿದಳು. ನಾನು ಎದ್ದು ತಪ್ಪಾಗಿದೆ ಎಂದೆ. ಮಂಜೂರಾದ ಠರಾವನ್ನು ತಿದ್ದಲು ಮುಂದಿನ ವರ್ಷದ ಸಭೆಯೇ ಆಗಬೇಕೆಂದರು. ದೇಶದಲ್ಲಿ ಅರ್ಜಿ ಹಾಕಿ ಮಂದಿ ತರಿಸಿಕೊಂಡವರು ನಾವೊಬ್ಬರೇ ಇರಬೇಕು.

ಠರಾವು ಚೆನ್ನಾಗಿಯೇ ಜಾರಿಯಾಯಿತು. ಜೋಳ ಅರ್ಧಕ್ಕಿಳಿಯಿತು, ಉಣ್ಣುವವರು ಒಬ್ಬೊಬ್ಬರೇ ಗಂಟು ಕಟ್ಟಿದರು, ಖಾನಾವಳಿಗೆ ಬೀಗ ಬಿತ್ತು. ಕೊಳ್ಳುವವರಿಲ್ಲದೆ ಸಾಂಗ್ಲಿಯ ಸಾಬೂನೂ ಕಪಾಟಿನಲ್ಲೇ ಒಣಗಿತು. ಸಹಕಾರವೆಂದರೆ ಇದೇ ತಾನೆ, ಮುಳುಗುವುದಾದರೂ ಒಟ್ಟಿಗೆ.

ಕಾಕು ಬೇಡಗ ಎಂಬ ಹಳ್ಳಿಯಲ್ಲಿದ್ದ ತನ್ನ ಅಣ್ಣನ ಮನೆಗೆ ಹೋದಳು. ನಾನು ನೋಡಲು ಹೋದಾಗ ಒಲೆಯ ಮುಂದೆ ಕೂತಿದ್ದಳು. ಮನೆಯಲ್ಲಿ ಮೂರೇ ಜನ. ಪರಾತದಲ್ಲಿ ಹಿಟ್ಟು ಗುಡ್ಡೆಯಷ್ಟು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, “ಮಂದಿ ಹೋಗ್ಯಾರಂತ ಈ ಕೈಗೆ ಇನ್ನೂ ತಿಳದಿಲ್ಲೋ ತಮ್ಮಾ” ಎಂದಳು.

ನಾನು ಇಷ್ಟು ಹೊತ್ತು ಪೇಪರಿನ ಒಂದೇ ಪುಟ ಹಿಡಿದು ಕೂತದ್ದನ್ನು ಕಂಡು, ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಇಣುಕಿ ತಲೆಬರಹ ಓದಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ನಾಲಿಗೆ ಮಾತ್ರ ಮರಾಠಿ. “ಅಜ್ಜಾ, ಮಂದಿಲಾ ಕನ್ನಡಾತ ಕಾಯ ಮ್ಹಣತಾತ?” ಎಂದಳು, ಮಂದಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು. ಆರ್ಥಿಕ ಹಿಂಜರಿತ ಎಂಬ ಪಂಡಿತರ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಮಂದಿ ಇಲ್ಲದ್ದು” ಎಂದೆ.