ಬಾಯಿಲೆಕ್ಕ ಹೇಳದೆ ಬಿಟ್ಟ ಎರಡೂವರೆ ಗಂಟೆ

ವಿಮಾನದ ಟಿಕೆಟ್ ಮಾಡಿಸಿಕೊಡುವ ಆ ಪುಟ್ಟ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನನ್ನು ಬೀದಿಯವರೆಲ್ಲ ಬಾಯಿಲೆಕ್ಕ ಎಂದೇ ಕರೆಯುತ್ತಿದ್ದರು. ಯಾವ ಊರಿನ ಹೆಸರು ಹೇಳಿದರೂ ಸರಿ, ಕಂಪ್ಯೂಟರ್ ಕಡೆ ಕಣ್ಣೂ ಹಾಯಿಸದೆ ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದು ಪಟಪಟನೆ ಒಪ್ಪಿಸಿಬಿಡುತ್ತಿದ್ದ. ಬೆಂಚಿನ ಮೇಲೆ ಕಾದು ಕೂತವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅದನ್ನು ನೋಡುವ ಚಟ ಅವನಿಗೆ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಎದುರು ಸಾಲಿನ ಟೈಲರಮ್ಮ ಬಂದ ದಿನವೂ ಬೆಂಚು ತುಂಬಿತ್ತು. ಸಮುದ್ರದಾಚೆ ಪೂರ್ವದ ದೇಶವೊಂದರ ಬಂದರು ನಗರದಲ್ಲಿ ಅವಳ ಅಕ್ಕನಿಗೆ ಮರುದಿನ ಸಂಜೆ ಐದಕ್ಕೆ ಹೃದಯದ ಆಪರೇಷನ್.

"ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಅಕ್ಕನ ಮುಖ ನೋಡ್ಬೇಕಣ್ಣ. ಎಷ್ಟು ಹೊತ್ತಾಗುತ್ತೆ?"

"ಮೂರು ಸಾವಿರದ ನೂರು ಕಿಲೋಮೀಟರ್. ನಾಲ್ಕೇ ಗಂಟೆ."

"ಬೆಳಿಗ್ಗೆ ಆರರ ವಿಮಾನಕ್ಕೆ ಹೋಗ್ಲಾ, ಹನ್ನೊಂದರದ್ದಕ್ಕಾ? ಒಂದು ಮದುವೆ ಬಟ್ಟೆ ಹೊಲಿದು ಕೊಡೋದಿದೆ."

"ಹನ್ನೊಂದರದ್ದೇ ಸಾಕು. ಆರಾಮಾಗಿ ತಲುಪ್ತೀರಿ."

ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದಿದೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಹೊತ್ತು ಕೇಳಿದವರಿಗೆ ಹಾರಾಟದ ಹೊತ್ತನ್ನಷ್ಟೇ ಹೇಳುವುದು ಅವನ ರೂಢಿ. ಗಡಿಯಾರದ ಮಾತು ಸೇರಿಸಿದರೆ ಉತ್ತರ ಉದ್ದವಾಗುತ್ತದೆ, ಕೇಳುವವರ ಬೆರಗು ಇಳಿದುಹೋಗುತ್ತದೆ. ತಲುಪುವ ವೇಳೆ ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ಟೈಲರಮ್ಮ ಓದದೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಯಿಲೆಕ್ಕನೇ ಹೇಳಿದ ಮೇಲೆ ಓದುವುದೇನಿದೆ?

ಅವಳ ವಿಮಾನ ಇಳಿದಾಗ ಅಲ್ಲಿ ಐದೂವರೆ. ಅಕ್ಕ ಮತ್ತೆ ಕಣ್ಣು ತೆರೆಯಲಿಲ್ಲ.

ಸುದ್ದಿ ಬಾಯಿಲೆಕ್ಕನ ಕಿವಿಗೂ ಬಿತ್ತು. ಎರಡು ವಾರ ಕಳೆದು ಅವಳೇ ಅಂಗಡಿಗೆ ಬಂದಾಗ, ಬೈದು ಬಿಡಲಿ ಎಂದು ಎದ್ದು ನಿಂತ.

"ನಂದೇ ತಪ್ಪಣ್ಣ. ಟಿಕೆಟ್ಟಲ್ಲೇ ಬರೆದಿತ್ತು, ನಾನೇ ಓದ್ಲಿಲ್ಲ. ಅಕ್ಕನ ಮಗಳು, 'ನಿಮಗೆ ನಮ್ಮಮ್ಮನಿಗಿಂತ ಹೊಲಿಗೆನೇ ಹೆಚ್ಚಾಯ್ತಲ್ಲ ಚಿಕ್ಕಮ್ಮ' ಅಂದ್ಳು. ಈಗ ಮಾತೇ ಬಿಟ್ಟಿದಾಳೆ. ಇನ್ನೊಂದು ಟಿಕೆಟ್ ಮಾಡ್ಕೊಡಿ, ಹೋಗಿ ಅವಳನ್ನ ಕಂಡು ಬರ್ತೀನಿ."

ಸುಮ್ಮನಿದ್ದರೆ ಆಗುತ್ತಿತ್ತು. ತಪ್ಪನ್ನು ಅವಳೇ ತಲೆಗೆ ಕಟ್ಟಿಕೊಂಡಿದ್ದಳು. ಒಂದು ಕ್ಷಣ ಅವನಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು.

"ಇಲ್ಲ ಟೈಲರಮ್ಮ. ಅಲ್ಲಿ ಗಡಿಯಾರ ಮುಂದಿರೋದು ನಂಗೆ ಗೊತ್ತಿತ್ತು. ಐದಕ್ಕೆ ಆಪರೇಷನ್ ಅಂತ ನೀವೂ ಹೇಳಿದ್ರಿ. ಆದ್ರೂ ಹನ್ನೊಂದರದ್ದೇ ಸಾಕು ಅಂದವನು ನಾನು."

"ಗೊತ್ತಿತ್ತಾ?"

"ಗೊತ್ತಿತ್ತು. ಜನರ ಮುಂದೆ ಜಂಬ ಕೊಚ್ಚೋ ಭರದಲ್ಲಿ ಬಿಟ್ಟುಬಿಟ್ಟೆ."

ಅವಳು ಫೋನ್ ತೆಗೆದು, ನಂಬರ್ ಒತ್ತಿ, ಅವನ ಮುಂದಿಟ್ಟಳು. "ಇದನ್ನ ಅಕ್ಕನ ಮಗಳಿಗೆ ಹೇಳಿ."

ಅವನು ತಡವರಿಸುತ್ತಲೇ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಹುಡುಗಿ, "ಚಿಕ್ಕಮ್ಮ ಅಲ್ಲೇ ಇದಾರಾ? ಅವರಿಗೆ ಕೊಡಿ," ಎಂದಳು.

ಟೈಲರಮ್ಮ ಗೋಡೆಗೆ ಮುಖ ಮಾಡಿ ಅತ್ತಳು, ಮಾತಾಡಿದಳು, ಮತ್ತೆ ಅತ್ತಳು. ಫೋನ್ ಇಟ್ಟು ಕಣ್ಣೊರೆಸಿಕೊಂಡ ಮೇಲೆ ಚೀಲ ಹೆಗಲಿಗೇರಿಸಿದಳು.

"ಟಿಕೆಟ್ ಬೇರೆ ಕಡೆ ಮಾಡಿಸ್ಕೋತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ತಲೆಯಾಡಿಸಿದ. ಅದೇ ಸರಿ ಎಂದು ಅವನಿಗೂ ಅನಿಸಿತು.