ನಸುಕಿನ ಡ್ಯೂಟಿ ಮತ್ತು ಕ್ಯಾಪ್ಟನ್ ಮಂಜುಳಾ

ಕೋವಿಡ್ ಕಾಲದಲ್ಲಿ ಸಾಲಾಗಿ ನಿಂತಿದ್ದ ವಿಮಾನಗಳು ಮತ್ತೆ ಹಾರತೊಡಗಿ, ಸೀಟುಗಳು ಭರ್ತಿಯಾಗುತ್ತಿದ್ದ ಸಮಯ ಅದು. ನಾನು ಆಗ ಒಂದು ಖಾಸಗಿ ವಿಮಾನಯಾನ ಕಂಪನಿಯಲ್ಲಿ ಸೀನಿಯರ್ ಕಮಾಂಡರ್ ಆಗಿದ್ದೆ. ಕಮಾಂಡರ್ ಎಂದರೆ ಕಾಕ್‌ಪಿಟ್‌ನ ಎಡಗಡೆ ಸೀಟಿನಲ್ಲಿ ಕೂರುವವನು. ವಿಮಾನದ ಪೂರ್ತಿ ಹೊಣೆ ಅವನದು. ಬಲಗಡೆ ಕೂರುವವರು ಫಸ್ಟ್ ಆಫೀಸರ್. ಹಾರಿಸಲು ಇಬ್ಬರಿಗೂ ಬರುತ್ತದೆ, ಕೊನೆಯ ಮಾತು ಮಾತ್ರ ಎಡಗಡೆಯದು. ನನ್ನ ಹುಟ್ಟೂರು ಮುಳಬಾಗಿಲು. ನಿವೃತ್ತಿ ಹತ್ತಿರವಾಗುತ್ತಿದ್ದಂತೆ ಕೋಲಾರದಲ್ಲಿ ಮನೆ ಮಾಡಿದ್ದೆ. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವುದು ಬೆಂಗಳೂರಿನ ಜಯನಗರದಿಂದ ಹೋಗುವುದಕ್ಕಿಂತ ಸಲೀಸು.

ಅದೇ ಸಮಯಕ್ಕೆ ಪೈಲಟ್‌ಗಳ ಸಂಘ ನನ್ನನ್ನು ಮಾತುಕತೆಯ ಸಮಿತಿಗೆ ಆರಿಸಿತು. ಹಳೆಯ ಒಪ್ಪಂದ ಮುಗಿದಿತ್ತು, ಹೊಸದು ಆಗಬೇಕಿತ್ತು. ಹೊರಗಿನವರು ಪೈಲಟ್‌ಗಳ ಜಗಳ ಎಂದರೆ ಸಂಬಳದ ಜಗಳ ಅಂದುಕೊಳ್ಳುತ್ತಾರೆ. ಸಂಬಳದ ವಿಷಯ ಮೊದಲ ಕೆಲವು ಸಭೆಗಳಲ್ಲೇ ಒಂದು ಹದಕ್ಕೆ ಬಂದಿತ್ತು. ಸಿಕ್ಕಿಕೊಂಡಿದ್ದು ರೋಸ್ಟರ್‌ನಲ್ಲಿ, ಅಂದರೆ ಯಾರು ಯಾವ ದಿನ ಎಷ್ಟು ಹೊತ್ತಿಗೆ ಹಾರಬೇಕು ಎಂಬ ಪಾಳಿಯಲ್ಲಿ. ಬೆಳಕು ಹರಿಯುವ ಮೊದಲೇ ಹೊರಡುವ ವಿಮಾನಕ್ಕೆ ಪೈಲಟ್ ಮಧ್ಯರಾತ್ರಿ ಕಳೆಯುತ್ತಲೇ ಏಳಬೇಕು. ಅದನ್ನು ನಾವು ನಸುಕಿನ ಡ್ಯೂಟಿ ಎನ್ನುತ್ತಿದ್ದೆವು. ಒಂದು ದಿನವಾದರೆ ದೇಹ ತಾಳುತ್ತದೆ. ಸಾಲಾಗಿ ಬಂದರೆ, ಮಧ್ಯಾಹ್ನ ಪರದೆ ಎಳೆದು ಮಲಗಿದರೂ ನಿದ್ದೆ ಹತ್ತುವುದಿಲ್ಲ. ಸರ್ಕಾರದ ನಿಯಮ ಒಂದು ಮಿತಿ ಹಾಕಿತ್ತು. ಕಂಪನಿ ಆ ಮಿತಿಯ ಅಂಚಿನವರೆಗೂ ರೋಸ್ಟರ್ ಹೆಣೆಯುತ್ತಿತ್ತು. ಸಾಲಾಗಿ ಎರಡಕ್ಕಿಂತ ಹೆಚ್ಚು ನಸುಕಿನ ಡ್ಯೂಟಿ ಬೇಡ ಎಂಬುದು ನಮ್ಮ ಬೇಡಿಕೆ. ಅದನ್ನು ಒಪ್ಪಿದರೆ ಪೈಲಟ್‌ಗಳು ಸಾಲುವುದಿಲ್ಲ ಎಂಬುದು ಅವರ ಉತ್ತರ.

ಮಾತುಕತೆ ಒಂದು ಬೇಸಿಗೆಯಲ್ಲಿ ಶುರುವಾಗಿ ಮುಂದಿನ ಬೇಸಿಗೆ ಬಂದರೂ ಮುಗಿಯಲಿಲ್ಲ. ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ಕಿಟಕಿಯಿಲ್ಲದ ಅದೇ ಕೋಣೆ, ಅದೇ ಉದ್ದನೆಯ ಮೇಜು, ಅದೇ ಬಿಸ್ಕತ್ತು. ಮೊದಮೊದಲು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡುತ್ತಿದ್ದೆ. ಆಮೇಲೆ ಕೂಗುವುದು ನಿಂತಿತು. ನಂತರ ಹೇಳುವುದೂ ನಿಂತಿತು. ಸಭೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಊಟ ಮಾಡುತ್ತಿದ್ದೆ. ಏನಾಯಿತು ಎಂದು ಅವಳು ಕೇಳಿದರೆ, ಏನೂ ಆಗಲಿಲ್ಲ ಅನ್ನುತ್ತಿದ್ದೆ. ಅದು ನಿಜವೂ ಆಗಿತ್ತು.

ಮಂಜುಳಾ ಸುದ್ದಿ ಬಂದಿದ್ದು ಆ ಹೊತ್ತಿನಲ್ಲಿ.

ಮಂಜುಳಾ ಮಾಲೂರು ತಾಲ್ಲೂಕಿನ ಹುಡುಗಿ. ತಂದೆ ಮುನಿಯಪ್ಪನವರದು ಲಕ್ಕೂರಿನ ಬೇಸಾಯದ ಮನೆತನ. ಅವರು ಮಾಲೂರಿಗೆ ಬಂದು ಇಟ್ಟಿಗೆ ಗೂಡು ನಡೆಸುತ್ತಿದ್ದರು. ಫಸ್ಟ್ ಆಫೀಸರ್ ಆಗಿ ನನ್ನ ಪಕ್ಕದಲ್ಲಿ ಎಷ್ಟೋ ಸಲ ಹಾರಿದ್ದಳು. ಮಾತು ಕಡಿಮೆ, ಕೈ ಹದ. ಕಮಾಂಡರ್ ಆಗಿ ಬಡ್ತಿ ಸಿಕ್ಕು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ವಾರ ಅವಳಿಗೆ ನಸುಕಿನ ಡ್ಯೂಟಿಗಳು ಬೆನ್ನುಬೆನ್ನಿಗೆ ಬಿದ್ದಿದ್ದವು. ಪೂರ್ವದ ಒಂದು ಊರಿನಲ್ಲಿ ಇಳಿಯುವಾಗ, ಯಾವ ದಿಕ್ಕಿಗೆ ತಿರುಗಬೇಕೆಂದು ಕಂಟ್ರೋಲ್ ಟವರ್ ಅಂಕಿಯಲ್ಲಿ ಹೇಳಿತು. ಅವಳು ಅದನ್ನು ಸರಿಯಾಗಿಯೇ ಮರಳಿ ಹೇಳಿದಳು. ಕೈ ಮಾತ್ರ ಬೇರೆ ಅಂಕಿ ಒತ್ತಿತು. ಬಲಗಡೆಯವನು ನೋಡಿ ಸರಿಪಡಿಸಿದ. ವಿಮಾನ ಸುಸೂತ್ರವಾಗಿ ಇಳಿಯಿತು. ಪ್ರಯಾಣಿಕರಿಗೆ ಏನೂ ಗೊತ್ತಾಗಲಿಲ್ಲ.

ಇಳಿದ ಮೇಲೆ ಅವಳು ಅಲ್ಲಿನ ನಿಲ್ದಾಣದ ಸಿಬ್ಬಂದಿಗೆ, "ವಾಪಸ್ ಹಾರಿಸೋಕೆ ನಾನು ಫಿಟ್ ಇಲ್ಲ" ಎಂದಳು.

ನಿಯಮದ ಪ್ರಕಾರ ಪೈಲಟ್ ಹಾಗೆ ಹೇಳಬಹುದು, ಹೇಳಲೇಬೇಕು. ಆದರೆ ಬೇರೆ ಪೈಲಟ್ ಬರುವವರೆಗೆ ಪ್ರಯಾಣಿಕರು ಕಾಯಬೇಕಾಯಿತು. ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿ ಹಾಕಿದರು. ಸಂಜೆಯ ಹೊತ್ತಿಗೆ ಅದು ಎಲ್ಲರ ಫೋನಿನಲ್ಲಿತ್ತು. ಕೆಟ್ಟ ಗಳಿಗೆಯೆಂದರೆ, ಆ ವಾರವೇ ನಮ್ಮ ಮಾತುಕತೆ ಮುರಿದುಬಿದ್ದಿತ್ತು. ಇದು ಸಂಘ ಮಾಡಿಸಿದ ಕೆಲಸ ಎಂದು ಆಡಳಿತದವರು ತೀರ್ಮಾನಿಸಿದರು. ಅವಳಿಗೆ ಶೋಕಾಸ್ ನೋಟಿಸ್ ಹೋಯಿತು, ವಿಚಾರಣೆ ಮುಗಿಯುವವರೆಗೆ ಹಾರುವಂತಿಲ್ಲ ಎಂದಾಯಿತು. ನಮ್ಮ ಪೈಲಟ್‌ಗಳು ಸುಮ್ಮನಿದ್ದರೇ? ಅವಳ ಫೋಟೋವನ್ನು ವಾಟ್ಸಾಪಿನಲ್ಲಿ ತಮ್ಮ ಮುಖದ ಜಾಗಕ್ಕೆ ಹಾಕಿಕೊಂಡರು. ಹೋರಾಟದ ಕಿಡಿ ಎಂದರು.

ಅವಳು ನನಗೆ ಫೋನ್ ಮಾಡಿದಳು. "ಸಾರ್, ಆ ಫೋಟೋ ತೆಗ್ಸಿ. ನಾನು ಸ್ಟ್ರೈಕ್ ಮಾಡ್ಲಿಲ್ಲ. ನಂಗೆ ನಿದ್ದೆ ಬಂದಿತ್ತು, ಅಷ್ಟೇ."

ಗುಂಪಿಗೆ ಹೇಳಿದೆ. ಕೆಲವರು ತೆಗೆದರು, ಹಲವರು ತೆಗೆಯಲಿಲ್ಲ.

ಮಾವಿನ ಕಾಲದಲ್ಲಿ ರಾಘವರೆಡ್ಡಿಯವರಿಂದ ಕರೆ ಬಂತು. ಆಡಳಿತದ ಕಡೆಯಿಂದ ಮೇಜಿನ ಆಚೆ ಕೂರುತ್ತಿದ್ದ ಹಿರಿಯ ಅಧಿಕಾರಿ ಅವರು. ಶ್ರೀನಿವಾಸಪುರದವರು, ಊರಲ್ಲಿ ಮಾವಿನ ತೋಪಿತ್ತು. ಭಾನುವಾರ ತೋಪಿಗೆ ಬನ್ನಿ, ಸುಮ್ಮನೆ ಮಾತಾಡೋಣ ಎಂದರು. ಸಮಿತಿಯ ಅಧ್ಯಕ್ಷರಿಗೆ ತಿಳಿಸಿಯೇ ಹೋದೆ. ಇಂಥ ಮಾತು ಕೋಣೆಯ ಹೊರಗೆ ನಡೆಯುವುದು ಎಲ್ಲ ಮಾತುಕತೆಗಳಲ್ಲೂ ಇದ್ದದ್ದೇ.

"ರಂಡಿ ಮೂರ್ತಿಗಾರೂ, ಕೂರ್ಚೋಂಡಿ" ಎಂದು, ಬನ್ನಿ ಕೂತುಕೊಳ್ಳಿ ಅಂತ ತೆಲುಗಿನಲ್ಲೇ ಬರಮಾಡಿಕೊಂಡರು. ಮುಳಬಾಗಿಲಿನವನಿಗೆ ಅದು ಮನೆಮಾತಿನಷ್ಟೇ ಸಹಜ. ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಆಳು ಬಾದಾಮಿ ಮಾವಿನ ಹಣ್ಣು ಹೆಚ್ಚಿ ತಟ್ಟೆಯಲ್ಲಿ ತಂದಿಟ್ಟ. ನಾನು ತಿಂದೆ. ಸಿಹಿ ಎಂದು ನಾಲಿಗೆಗೆ ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

"ನಂಗೂ ಸಾಕಾಗೈತೆ ಮೂರ್ತಿಯವರೇ" ಎಂದರು ರೆಡ್ಡಿಯವರು. "ಮೇಲಿನೋರು ಹೇಳಿದ್ದು ನಿಮ್ಗೆ ಹೇಳ್ಬೇಕು, ನೀವು ಹೇಳಿದ್ದು ಅವರಿಗೆ ಹೇಳ್ಬೇಕು. ಇಬ್ರ ಹತ್ರಾನೂ ಬೈಸ್ಕೋಬೇಕು. ಒಂದು ಮಾತು ಹೇಳ್ತೀನಿ, ಮುಗಿಸ್ಕೊಳ್ಳೋಣ. ಆ ಮಾಲೂರು ಹುಡುಗೀದು ಎನ್ಕ್ವೈರಿ ಮುಚ್ಚಿಬಿಡ್ತೀವಿ. ಸೋಮವಾರದಿಂದ್ಲೇ ಹಾರ್ಲಿ. ನೀವು ನಸುಕಿನ ಷರತ್ತು ಬಿಟ್ಬಿಡಿ."

"ಎರಡಕ್ಕೂ ಏನು ಸಂಬಂಧ?" ಎಂದೆ.

"ಏನೂ ಇಲ್ಲ" ಎಂದರು. "ಮೇಲಿನೋರ ತಲೇಲಿ ಐತೆ. ನಾನೇನ್ ಮಾಡ್ಲಿ?"

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಮುಖದಲ್ಲೂ ನನ್ನಂಥದ್ದೇ ಒಂದು ಮಂಕು ಕವಿದಿತ್ತು. ಹೊರಡುವಾಗ ಕಾರಿನಲ್ಲಿ ಒಂದು ಪೆಟ್ಟಿಗೆ ಹಣ್ಣು ಇಡಿಸಲು ಬಂದರು. ಬೇಡ ಎಂದೆ. ಅವರೂ ಒತ್ತಾಯಿಸಲಿಲ್ಲ.

ಸಮಿತಿಯಲ್ಲಿ ಈ ವಿಷಯ ಇಟ್ಟಾಗ ನಾನು ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಗದ್ದಲವಾಗಲಿಲ್ಲ. ಎಲ್ಲರೂ ದಣಿದಿದ್ದರು. ಹುಡುಗಿಯನ್ನು ಮೊದಲು ಉಳಿಸೋಣ, ಷರತ್ತನ್ನು ಮುಂದಿನ ಒಪ್ಪಂದದಲ್ಲಿ ನೋಡೋಣ ಎಂದು ಒಬ್ಬೊಬ್ಬರಾಗಿ ಹೇಳಿದರು. ಪೈಲಟ್ ಕೆಲವು ತಿಂಗಳು ಹಾರದೇ ಇದ್ದರೆ ಮತ್ತೆ ಸಿಮ್ಯುಲೇಟರ್‌ನಲ್ಲಿ, ಅಂದರೆ ಅಭ್ಯಾಸದ ಯಂತ್ರದಲ್ಲಿ, ಕೂತು ಪರೀಕ್ಷೆ ಕೊಡಬೇಕು. ದಿನ ಕಳೆದಷ್ಟೂ ಅವಳಿಗೇ ಕಷ್ಟ. ಅಧ್ಯಕ್ಷರು ಒಂದೇ ಮಾತು ಹೇಳಿದರು: "ಆಕೆಯನ್ನು ಕೇಳದೆ ಒಪ್ಪಬಾರದು. ಮೂರ್ತಿ, ನೀವು ಹತ್ತಿರದವರು, ಹೋಗಿ ಬನ್ನಿ."

ಮಾಲೂರಿಗೆ ಹೋದೆ. ಮಧ್ಯಾಹ್ನದ ಹೊತ್ತು. ರೈಲು ಗೇಟು ಹಾಕಿದ್ದರಿಂದ ಸ್ವಲ್ಪ ತಡವಾಯಿತು. ಮುನಿಯಪ್ಪನವರು ಗೂಡಿನಿಂದ ಆಗತಾನೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದರು. ರೆಪ್ಪೆಯ ಮೇಲೆಲ್ಲ ಕೆಂಪು ಧೂಳು.

"ಬನ್ನಿ ಸ್ವಾಮಿ. ನಮ್ಮ ಮಗೀನ ಕೆಲಸದ ವಿಸ್ಯ ಏನಾದ್ರೂ ಆಯ್ತಾ?" ಎಂದರು.

ಮಂಜುಳಾ ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಮೊದಲ ತಿಂಗಳು ಬರೀ ಮಲಗಿದ್ದೆ ಸಾರ್ ಎಂದು ನಕ್ಕಳು. ನಾನು ರೆಡ್ಡಿಯವರ ಮಾತನ್ನು, ಸಮಿತಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಷರತ್ತು ಬಿಟ್ರೆ, ಸೋಮವಾರ ನಾನು ಹೋಗಿ ಯಾವ ಡ್ಯೂಟಿ ಮಾಡ್ಬೇಕು ಸಾರ್?"

"ಅದೇ ರೋಸ್ಟರ್."

"ಅದೇ ನಸುಕು, ಸಾಲಾಗಿ?"

"ಹೌದು."

"ಹಂಗಾದ್ರೆ ಆವತ್ತು ನಾನು ಹೇಳಿದ್ದು ಸುಳ್ಳು ಅಂತ ನಾನೇ ಒಪ್ಕೊಂಡಂಗೆ ಆಗುತ್ತೆ."

ಮುನಿಯಪ್ಪನವರಿಗೆ ತಡೆಯಲಾಗಲಿಲ್ಲ. "ಒಪ್ಕೊಂಡ್ರೆ ಏನಾಯ್ತದೆ ತಾಯಿ? ನಾಕು ಜನ ಬಾಯಿಗೆ ಬಂದಂಗೆ ಮಾತಾಡ್ತಾವ್ರೆ. ವಿಮಾನ ಹತ್ತು, ಎಲ್ಲ ಮುಚ್ಕೋತಾರೆ." ಆಮೇಲೆ ನನ್ನ ಕಡೆ ತಿರುಗಿ, "ಸ್ವಾಮಿ, ನಮ್ಮೋರೊಬ್ರು ಮಂತ್ರಿಗಳ ಹತ್ರ ಅವ್ರೆ. ಒಂದು ಮಾತು ಹೇಳಿಸ್ಲಾ?" ಎಂದರು.

"ಬ್ಯಾಡಪ್ಪಾ" ಎಂದಳು ಅವಳು, ದನಿ ಏರಿಸದೆ. "ನೀನು ಸುಮ್ನಿರು." ಆಮೇಲೆ ನನ್ನನ್ನು ನೋಡಿ ಕೇಳಿದಳು: "ಸಾರ್, ನೀವು ಏನಂತೀರಿ? ಸಮಿತಿ ಬಿಡಿ. ನೀವು."

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಹುಡುಕಿದೆ. ಕೋಪವೋ ಆಸೆಯೋ ಏನಾದರೂ ಇದ್ದಿದ್ದರೆ ಅದರ ಬೆನ್ನು ಹಿಡಿದು ಉತ್ತರ ಸಿಗುತ್ತಿತ್ತೇನೋ. ಏನೂ ಇರಲಿಲ್ಲ. "ನನಗೆ ಏನೂ ತೋಚ್ತಿಲ್ಲ ಮಂಜುಳಾ" ಎಂದೆ.

ಅವಳು ನನ್ನನ್ನೇ ನೋಡಿದಳು. ಒಬ್ಬ ಪೈಲಟ್ ಇನ್ನೊಬ್ಬ ಪೈಲಟ್‌ನ ಕಣ್ಣು ನೋಡುವ ಬಗೆ ಅದು. "ನೀವೂ ಮಲಗ್ಬೇಕು ಸಾರ್" ಎಂದಳು. ಆಮೇಲೆ, "ಷರತ್ತು ಬಿಡ್ಬೇಡಿ. ನನ್ನ ಎನ್ಕ್ವೈರಿ ನಡೀಲಿ. ನನ್ನ ಹೆಸರು ಆ ಮೇಜಿನ ಮೇಲೆ ಇಡಲೇಬೇಡಿ" ಎಂದಳು.

ಮುನಿಯಪ್ಪನವರು ಎದ್ದು ಒಳಗೆ ಹೋದರು. ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಅವಳ ಮಾತನ್ನು ಸಮಿತಿಗೆ ಒಪ್ಪಿಸಿದೆ. ಯಾರೂ ಎದುರಾಡಲಿಲ್ಲ. ಮುಂದಿನ ಸಭೆಯಲ್ಲಿ ರೆಡ್ಡಿಯವರಿಗೆ, "ಆಕೆಯ ವಿಚಾರಣೆಗೂ ಒಪ್ಪಂದಕ್ಕೂ ಗಂಟು ಹಾಕಬೇಡಿ, ಆಕೆಯೇ ಬೇಡ ಎಂದಿದ್ದಾರೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆ ದಿನ ಬೇರೆ ಮಾತು ನಡೆಯಲಿಲ್ಲ.

ಮಳೆಗಾಲದಲ್ಲಿ ಪರಿಸ್ಥಿತಿ ತಾನಾಗಿ ತಿರುಗಿತು. ಬೇರೆ ಕಂಪನಿಗಳು ಪೈಲಟ್‌ಗಳನ್ನು ಕರೆಯುತ್ತಿದ್ದವು. ನಮ್ಮ ಕಡೆಯ ಫಸ್ಟ್ ಆಫೀಸರ್‌ಗಳು ರಾಜೀನಾಮೆ ಕೊಡತೊಡಗಿದರು. ಚಳಿಗಾಲದ ವೇಳಾಪಟ್ಟಿ ಹತ್ತಿರ ಬರುತ್ತಿತ್ತು, ಹೊಸ ವಿಮಾನಗಳು ಬರಲಿದ್ದವು, ಹಾರಿಸುವವರು ಕಡಿಮೆಯಾಗುತ್ತಿದ್ದರು. ಹೋಗುವವರು ಎಲ್ಲರೂ ಹೇಳುತ್ತಿದ್ದ ಕಾರಣ ರೋಸ್ಟರ್. ನಾವು ವರ್ಷವಿಡೀ ವಾದಿಸಿ ಸಾಧಿಸಲಾಗದ್ದನ್ನು ಆ ರಾಜೀನಾಮೆಗಳು ಸಾಧಿಸಿದವು. ಆಡಳಿತ ಎರಡು ನಸುಕಿನ ಷರತ್ತು ಒಪ್ಪಿತು. ಮಂಜುಳಾಳ ಮೇಲಿನ ವಿಚಾರಣೆ ಮಾತ್ರ ಅದರ ಪಾಡಿಗೆ ನಡೆಯುತ್ತದೆ ಎಂದರು.

ಸಹಿ ಹಾಕಿದ ದಿನ ಮೈಸೂರು ಪಾಕ್ ಹಂಚಿದರು. ಗುಂಪು ಫೋಟೋ ತೆಗೆದರು. ಎಲ್ಲರೂ ಕೈ ಕುಲುಕಿದರು, ನಾನೂ ಕುಲುಕಿದೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ನಕ್ಕದ್ದು ನೆನಪಿಲ್ಲ.

ವಿಚಾರಣೆಯ ಫಲಿತಾಂಶ ಆಮೇಲೆ ಬಂತು. ಆಕೆ ಹಾರಲು ನಿರಾಕರಿಸಿದ್ದು ತಪ್ಪೆಂದು ಬರೆಯಲು ಅವರಿಗೆ ಸಾಧ್ಯವಿರಲಿಲ್ಲ. ದಣಿವಾಗಿದ್ದರೆ ಬೆಂಗಳೂರಿನಿಂದ ಹೊರಡುವ ಮೊದಲೇ ಹೇಳಬೇಕಿತ್ತು, ಕಮಾಂಡರ್‌ಗೆ ಬೇಕಾದ ವಿವೇಚನೆ ಇನ್ನೂ ಪಕ್ವವಾಗಿಲ್ಲ ಎಂದು ಬರೆದರು. ಕಮಾಂಡ್ ಹಿಂತೆಗೆದು ಫಸ್ಟ್ ಆಫೀಸರ್ ಮಾಡಿದರು. ಎಡಗಡೆಯಿಂದ ಬಲಗಡೆಗೆ. ಮೇಲ್ಮನವಿಗೆ ಸಂಘ ಸಿದ್ಧವಿತ್ತು. "ಅದಕ್ಕೂ ಒಂದು ವರ್ಷ ಬೇಕು ಸಾರ್. ನಾನು ಹಾರ್ತೀನಿ" ಎಂದಳು.

ಹಾಗೆ ಬಲಗಡೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅವಳ ಹೆಸರು ನನ್ನ ಹೆಸರಿನ ಜೊತೆ ಬಿತ್ತು. ದಾರಿಯುದ್ದಕ್ಕೂ ಏನಾದರೂ ಹೇಳಬೇಕು ಎಂದುಕೊಂಡು ಹೋಗಿದ್ದೆ. ಕಾಕ್‌ಪಿಟ್‌ನಲ್ಲಿ ಕೂತ ಮೇಲೆ ಚೆಕ್‌ಲಿಸ್ಟ್ ಓದಿದೆವು. ಅವಳು ಹಿಂದಿನಂತೆಯೇ ಓದಿದಳು, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಪೂರ್ವಕ್ಕೆ ತಿರುಗಿ ಮೇಲೇರುವಾಗ ಕೋಲಾರದ ಕೆರೆಗಳು ಕೆಳಗೆ ಹೊಳೆದವು. ಹೋಳೂರು ಕಡೆ ಹಿಪ್ಪುನೇರಳೆ ಹಸಿರಾಗಿತ್ತು. ವಿಮಾನ ಇಳಿಸುವುದನ್ನು ಅವಳಿಗೇ ಬಿಟ್ಟೆ.

ನಾನು ನಿವೃತ್ತನಾಗುವ ಮೊದಲೇ ಅವಳು ಮತ್ತೆ ಪರೀಕ್ಷೆ ಕೊಟ್ಟು ಎಡಗಡೆಗೆ ಬಂದಳು. ನನ್ನ ಕೊನೆಯ ತಿಂಗಳಲ್ಲಿ, ಹಾರುವ ಮೊದಲು ಪೈಲಟ್‌ಗಳು ಸೇರುವ ಬ್ರೀಫಿಂಗ್ ರೂಮಿನಲ್ಲಿ ಅವಳನ್ನು ಕಂಡೆ. ಅವಳ ಜೊತೆ ಹೋಗಬೇಕಿದ್ದ ಹೊಸ ಫಸ್ಟ್ ಆಫೀಸರ್ ಗೊಣಗುತ್ತಿದ್ದ. ಸಾಲಾಗಿ ಎರಡು ನಸುಕು ಮುಗಿದಿದ್ದರಿಂದ ಹಿಂದಿನ ದಿನ ಅವನಿಗೆ ಬಿಡುವು ಕೊಟ್ಟು, ಅವನು ಕೇಳಿದ್ದ ಭಾನುವಾರದ ರಜೆಯನ್ನು ಮುಂದೆ ಹಾಕಿದ್ದರು.

"ಈ ರೂಲ್ ಯಾರು ತಂದ್ರೋ ಮೇಡಂ. ಸುಮ್ನೆ ನಮ್ಮ ಭಾನುವಾರ ಹಾಳು."

ಅವಳು ಬ್ಯಾಗಿನ ಜಿಪ್ ಎಳೆದಳು. "ಯಾರೋ ತಂದಿರ್ತಾರೆ ಬಿಡೋ. ನಿನ್ನೆ ಮಲಗಿದ್ಯಾ?"

"ಮಲಗಿದ್ದೆ ಮೇಡಂ. ಚೆನ್ನಾಗಿ."

"ಸಾಕು ನಡಿ."

ಇಬ್ಬರೂ ಹೋದರು. ಹೋಗುವಾಗ ಅವಳು ನನಗೆ ಕೈಯೆತ್ತಿ ನಮಸ್ಕಾರ ಮಾಡಿದಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಆ ದಿನ ಮನೆಗೆ ಹೋಗಿ, ಹೆಂಡತಿ ಕೇಳುವ ಮೊದಲೇ ಇದನ್ನೆಲ್ಲ ಹೇಳಿದೆ. ಎಷ್ಟು ಕಾಲದ ಮೇಲೆ ಹಾಗೆ ಹೇಳಿದ್ದೆನೋ.

ಆಕಾಶದಲ್ಲಿ ಕಳೆದ ವರ್ಷಗಳಿಗಿಂತ ಆ ಕಿಟಕಿಯಿಲ್ಲದ ಕೋಣೆ ನನಗೆ ಹೆಚ್ಚು ಕಲಿಸಿತು ಎಂದು ಹೇಳಲಾರೆ. ಒಂದು ಮಾತು ಮಾತ್ರ ಅಲ್ಲಿಂದ ಎತ್ತಿಕೊಂಡು ಬಂದಿದ್ದೇನೆ. ಜಗಳ ಬಹಳ ದಿನ ನಡೆದರೆ ಎರಡೂ ಕಡೆಯವರಿಗೆ ಕಿವಿ ಹೋಗುತ್ತದೆ. ಒಬ್ಬರು ಬಂದು ನನ್ನಿಂದ ಆಗುತ್ತಿಲ್ಲ ಎಂದರೆ, ಇದರಿಂದ ಯಾರಿಗೆ ಲಾಭ ಎಂದು ನೋಡುತ್ತೇವೆ. ಅವರಿಂದ ಆಗುತ್ತಿಲ್ಲ ಎಂಬುದು ಯಾರಿಗೂ ಕೇಳಿಸುವುದಿಲ್ಲ.